ರಿಕ್ ಕೊಟ್ಟ ಜಿಂಕೆ ತೊಡೆ

ಭಾನುವಾರ ಬೆಳಿಗ್ಗೆ ಆಫೀಸಿನ ಮ್ಯಾನೇಜರ್ ರಿಕ್ ಅಮೆರಿಕದ ಪ್ಲಿಮತ್ ಊರಿನ ಮನೆ ಬಾಗಿಲಿಗೇ ಬಂದು, ತಾನು ಬೇಟೆಯಾಡಿದ ಜಿಂಕೆಯ ತೊಡೆಯೊಂದನ್ನು ಕೈಗಿತ್ತಾಗ ದೇವೇಂದ್ರನಿಗೆ ಬೇಡವೆನ್ನಲು ಧೈರ್ಯ ಬರಲಿಲ್ಲ. ಗ್ರೀನ್ ಕಾರ್ಡಿಗೆ ರಿಕ್ಕನ ಒಂದು ಒಳ್ಳೆಯ ಮಾತು ಬೇಕಿತ್ತು. "ಅಡುಗೆ ಮಾಡಿ ಫೋಟೋ ಕಳಿಸು" ಎಂದು ಇಂಗ್ಲಿಷಿನಲ್ಲಿ ಹೇಳಿ ಅವನು ಹೊರಟ.

ದೇವೇಂದ್ರ ಮಾಂಸ ತಿನ್ನುತ್ತಿದ್ದ, ಆದರೆ ಅಂಗಡಿಯವನು ಕತ್ತರಿಸಿ ಕೊಟ್ಟದ್ದನ್ನು ಮಾತ್ರ. ಹೆಂಡತಿ ಪವಿತ್ರ ಅರೋರಾ ಊರಿನಲ್ಲಿದ್ದ ಅಕ್ಕನ ಮನೆಯಿಂದ ಸಂಜೆ ಬರುವವಳಿದ್ದಳು. ಅವಳ ಅಡುಗೆಮನೆಯಲ್ಲಿ ಸೌಟು ಜಾಗ ಬದಲಿಸಿದರೂ ವಿಚಾರಣೆ ನಡೆಯುತ್ತಿತ್ತು. ತೊಡೆಯೋ ಸಿಂಕಿನಲ್ಲಿ ಹಿಡಿಸದೆ, ಉಂಡು ಕಾಲು ಚಾಚಿದ ನೆಂಟನ ಹಾಗೆ ಹೊರಕ್ಕೆ ಚಾಚಿಕೊಂಡಿತ್ತು. ಟೊಮ್ಯಾಟೊ ಹೆಚ್ಚುವ ಚಾಕು ಅದರ ಬಿಳಿ ಪೊರೆಯ ಮೇಲೆ ಬರೀ ಜಾರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಬ್ಬಳ್ಳಿ ಶಂಕರ್ ಹಾಜರಾದ.

"ಸ್ವಲ್ಪ ಹೊತ್ತು ಫ್ರೀಜರ್‌ನಾಗ ಇಡ್ರಿ. ಬಿಗಿ ಆದ್ಮ್ಯಾಲೆ ಪೊರಿ ತಗದು ಕೊಯ್ರಿ, ಚಂದ ಬರತೈತಿ."

"ನಿಮಗೆ ಇದೆಲ್ಲ ಅಭ್ಯಾಸ ಇದ್ಯಾ?"

"ಇಲ್ರಿ, ನಾವು ಶಾಕಾಹಾರಿ. ವಿಡಿಯೋ ನೋಡೀನಿ."

ಆಶ್ಚರ್ಯವೆಂದರೆ ಉಪಾಯ ಫಲಿಸಿತು. ಮಾಂಸ ಸಲೀಸಾಗಿ ತುಂಡಾಯಿತು. ಶಂಕರನ ಉತ್ಸಾಹ ಏರಿತು.

"ಕೈಮಾ ಮಾಡೂಣು. ಮಿಕ್ಸಿಗೆ ಹಾಕ್ರಿ, ಏನೂ ಆಗಂಗಿಲ್ಲ."

ಉಳಿದಿದ್ದ ಪೊರೆ ಬ್ಲೇಡಿಗೆ ಸುತ್ತಿಕೊಂಡಿತು. ಪವಿತ್ರ ಬೆಂಗಳೂರಿನಿಂದ ಹೊತ್ತು ತಂದಿದ್ದ ಮಿಕ್ಸಿ ಹಲ್ಲುನೋವು ಬಂದವರಂತೆ ನರಳಿ, ಹೊಗೆ ಬಿಟ್ಟು ಸುಮ್ಮನಾಯಿತು. ಸುಮ್ಮನಾಗದ್ದು ಸ್ಮೋಕ್ ಅಲಾರಂ. ಶಂಕರ್ ಅದರ ಕೆಳಗೆ ಟವೆಲ್ ಬೀಸಿ ಬೀಸಿ ಸುಸ್ತಾಗಿ, "ಮನ್ಯಾಗ ಕೆಲಸ ಐತ್ರಿ" ಎಂದು ನುಣುಚಿಕೊಂಡ.

ದೇವೇಂದ್ರ ಉಳಿದದ್ದನ್ನು ಚಾಕುವಿನಲ್ಲೇ ಸಣ್ಣಗೆ ಕೊಚ್ಚಿದ. ಒಂದಿಷ್ಟನ್ನು ಚೀಲಗಳಲ್ಲಿ ತುಂಬಿ ಫ್ರೀಜರ್‌ಗೆ ಸೇರಿಸಿ, ಮಿಕ್ಕದ್ದನ್ನು ಮೆಣಸು ಕುಟ್ಟಿಹಾಕಿ ಬೇಯಿಸಿದ. ರಿಕ್‌ಗೆ ಫೋಟೋ ಕಳಿಸಿದ. ಕಲೆ ಬಿದ್ದಲ್ಲೆಲ್ಲ ಒರೆಸಿ, ಮೂಸಿ ನೋಡಿ, ಮತ್ತೆ ಒರೆಸಿದ.

ಪವಿತ್ರ ಬಂದವಳೇ ಪಾತ್ರೆಯ ಮುಚ್ಚಳ ತೆಗೆದಳು. ತಟ್ಟೆಗೆ ಹಾಕಿಕೊಂಡು ಒಂದು ತುತ್ತು ತಿಂದಳು. ಎರಡನೆಯ ತುತ್ತಿಗೆ ಅವಳು ಕೈ ಹಾಕಿದ್ದನ್ನು ನೋಡಿ ದೇವೇಂದ್ರ ಬಾಯಿಬಿಟ್ಟ.

"ಪವಿ, ರಿಕ್ ಕೊಟ್ಟ ಜಿಂಕೆ ಮಾಂಸ ಹಾಕಿ ಮಿಕ್ಸಿ ಸುಟ್ಟೋಯ್ತು."

"ಹೋಗ್ಲಿ ಬಿಡಿ. ಅದರ ಗಲಾಟೆ ಕೇಳಿ ನಂಗೂ ಸಾಕಾಗಿತ್ತು. ಕೈಮಾ ಮಾತ್ರ ಸೂಪರಾಗಿದೆ."

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಅವನು ಏಪ್ರನ್ ಬಿಚ್ಚಿ, ಸೋಫಾದಲ್ಲಿ ಕೂತು, ನೆಮ್ಮದಿಯಾಗಿ ಕಣ್ಣು ಮುಚ್ಚಿದ.

ಕರೆಗಂಟೆ ಸದ್ದಾಯಿತು. ರಿಕ್ ನಿಂತಿದ್ದ. ಹಿಂದೆ ಅವನ ಟ್ರಕ್ಕಿನಲ್ಲಿ ಟಾರ್ಪಾಲಿನ ಕೆಳಗೆ ಇನ್ನೊಂದು ಜಿಂಕೆ ಇಡಿಯಾಗಿ ಮಲಗಿತ್ತು.

"ಅಡುಗೆಮನೆಗೆ ಇದನ್ನ ತಂದ್ರೆ ಮನೆ ಬಿಟ್ಟು ಹೋಗ್ತೀನಿ ಅಂದಿದಾಳೆ ನನ್ನ ಹೆಂಡತಿ," ಎಂದ ರಿಕ್, ತನ್ನ ಭಾಷೆಯಲ್ಲಿ. "ಅದಕ್ಕೇ ಆಫೀಸಿನವರಿಗೆಲ್ಲ ಮನೆಗೇ ಹೋಗಿ ಒಂದೊಂದು ತುಂಡು ಕೊಟ್ಟು ನೋಡಿದೆ. ಫೋಟೋ ಕಳಿಸಿದವನು ನೀನೊಬ್ಬನೇ."

ದೇವೇಂದ್ರ ದಿಕ್ಕುತೋಚದೆ ಹೆಂಡತಿಯ ಮುಖ ನೋಡಿದ. ಪವಿತ್ರ ಬೆರಳು ಚೀಪುತ್ತಲೇ ಗ್ಯಾರೇಜಿನ ಬಟನ್ ಒತ್ತಿದಳು.

"ಒಳಗೆ ತರ್ಲಿ ಬಿಡಿ. ನೀವೀಗ ಕಲ್ತಿದೀರಲ್ಲ."