ಕಾಕಾನ ಹೊಟ್ಟೆಯಲ್ಲೊಂದು ಕಾಲನಿ

ಯಾರಾದರೂ ‘ಹಾಗಂದರೇನು?’ ಎಂದು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕೇಳದಿದ್ದರೂ ಆಗುವುದಿಲ್ಲ ಎಂಬುದು ಹೆಂಡತಿಯ ದೂರು. ನೀರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಲೋಕದ ವ್ಯವಹಾರವೆಲ್ಲ ನಳದ ಮೂಲಕವೇ ಅರ್ಥವಾಗುತ್ತದೆ. ಈ ಸಂಗತಿ ನಡೆದದ್ದು ನಮ್ಮ ಸಾಂಗ್ಲಿ ನಾಲ್ಕೂ ಕಡೆ ಉಬ್ಬುತ್ತಿದ್ದ ಕಾಲದಲ್ಲಿ. ಅರಿಶಿನ ಬೆಳೆಯುತ್ತಿದ್ದ ಹೊಲಗಳಲ್ಲಿ ನೋಡನೋಡುತ್ತ ಕಾಲನಿಗಳೆದ್ದು, ಪರವಾನಗಿಗಿಂತ ಮೊದಲೇ ನಳ ಬಂದುಬಿಡುತ್ತಿತ್ತು. ನಮ್ಮ ಮನೆಯ ನಳವೂ ಹಾಗೇ ಬಂದದ್ದು. ಅದನ್ನು ಬಂದ್ ಮಾಡಲು ನಮ್ಮ ಕಚೇರಿಯಿಂದ ಈವರೆಗೆ ಯಾರೂ ಬಂದಿಲ್ಲ, ನಾನೂ ನೆನಪಿಸಿಲ್ಲ.

ಹತ್ತಿರದ ಸಮಡೋಳಿ ಊರಿನಲ್ಲಿದ್ದ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಕರುಳಿನಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು. ಚಿಕಿತ್ಸೆಗಾಗಿ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ನಮ್ಮ ಮನೆಯಲ್ಲೇ ಉಳಿದರು. ಮಿರಜಿನ ಡಾಕ್ಟರು ಮರಾಠಿಯಲ್ಲಿ ತಾಳ್ಮೆಯಿಂದ ತಿಳಿಸಿದರು: ಗಂಟು ಬೆಳೆಯಲು ರಕ್ತ ಬೇಕು. ಅದಕ್ಕಾಗಿ ಅದು ಒಂದು ರಸ ಬಿಟ್ಟು ಸುತ್ತಲಿನ ರಕ್ತನಾಳಗಳನ್ನು ತನ್ನತ್ತ ಬೆಳೆಸಿಕೊಳ್ಳುತ್ತದೆ. ಅದೇ ರಸ ರೋಗದ ಮೇಲೆ ಬೀಳಬೇಕಾದ ಕಾವಲು ಕಣಗಳನ್ನು ಮಂಕು ಮಾಡುತ್ತದೆ. ಕೆಲವು ಸಲ ಕ್ಯಾನ್ಸರ್ ಕಣಗಳಿಗೇ ಇನ್ನಷ್ಟು ಬಲ ಕೊಡುತ್ತದೆ. ಆ ರಸವನ್ನು ತಡೆಯುವ ಹೊಸ ಔಷಧ ಬಂದಿದೆ, ಉಳಿದ ಔಷಧದ ಜೊತೆ ಕೊಡೋಣ ಎಂದರು.

ಕಾಕುವಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೆ ಭಯವಾದಾಗ ಕನ್ನಡವೇ ಬೇಕು. “ಹಂಗಂದ್ರ ಏನೊ ತಮ್ಮಾ?” ಎಂದು ಕೇಳಿದರು. ನನಗೆ ಅಷ್ಟೇ ಸಾಕಾಗಿತ್ತು.

“ಪರವಾನಗಿ ಇಲ್ಲದ ಕಾಲನಿ ಅಂತ ತಿಳೀರಿ ಕಾಕು. ಚೀಟಿ ಕಳಿಸಿ ತಾನ ನಳಾ ಎಳಕೊಂಡೈತಿ. ಅದ ಚೀಟಿ ಓದಿ ಇನ್‌ಸ್ಪೆಕ್ಟರ್ ಕುರ್ಚ್ಯಾಗ ನಿದ್ದಿ ಹೊಡ್ಯಾಕತ್ತಾನ. ನೀರ ಬಂದ್ ಮಾಡಿದ್ರ ಕಾಲನಿ ಒಣಗತೈತಿ.”

ಹೇಳಿದ ಚೆಂದಕ್ಕೆ ನಾನೇ ಉಬ್ಬಿಹೋದೆ. ಕಾಕು ಮಾತ್ರ ಒಂದು ಹೆಜ್ಜೆ ಮುಂದೆ ಹೋದರು. ರಕ್ತವೇ ಗಂಟಿನ ನೀರಾದರೆ, ರಕ್ತ ಹೆಚ್ಚಿಸುವ ದಾಳಿಂಬೆ, ಖರ್ಜೂರ, ಹಾಲು ಕೊಡುವುದು ಯಾವ ಜಾಣತನ? ನಮ್ಮದು ಜೈನರ ಮನೆ, ಉಪವಾಸ ಹೊಸದಲ್ಲ. ಕಾಕಾನಿಗೆ ಏಕಾಸನ ಶುರುವಾಯಿತು, ದಿನಕ್ಕೆ ಒಂದೇ ಊಟ. ವ್ರತವೆಂದರೆ ಕಾಕಾ ಎಂದೂ ಬೇಡ ಎಂದವರಲ್ಲ. ಜೊತೆಗಿರಲೆಂದು ಕಾಕುವೂ ಹಿಡಿದರು. ಆಫೀಸಿಗೆ ಡಬ್ಬಿ ಒಯ್ಯುವ ನನಗೆ ಇದೊಂದೂ ಗೊತ್ತಾಗಲಿಲ್ಲ.

ಮುಂದಿನ ಸಲ ಮಿರಜಿಗೆ ಹೋದಾಗ ಡಾಕ್ಟರು ತೂಕ ನೋಡಿ ಔಷಧ ಕೊಡಲಿಲ್ಲ. ಮೈಯಲ್ಲಿ ತಾಕತ್ತೇ ಇಲ್ಲ, ತೂಕ ಹೀಗೇ ಇಳಿದರೆ ಔಷಧವನ್ನೇ ಕೈಬಿಡಬೇಕಾಗುತ್ತದೆ ಎಂದರು. ಹೊರಗೆ ಬಂದು ಕಾಕುವನ್ನು ವಿಚಾರಿಸಿದಾಗ ವ್ರತದ ಸಂಗತಿ ತಿಳಿಯಿತು.

“ಆ ಕಾಲನಿ ನಳಾ ಅಷ್ಟ ಬಂದ್ ಮಾಡೂದ್ರಿ ಕಾಕು, ಇಡೀ ಊರಿಂದಲ್ಲ.”

“ಅದನ್ನ ಮದಲ ಹೇಳಬಾರದೇನೊ,” ಎಂದು ಕಾಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತರು. ಹಸಿದ ಹೊಟ್ಟೆಯಲ್ಲಿ ಅತ್ತರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಹೆಂಡತಿ ನನ್ನನ್ನು ಬಾಯಿ ತೆರೆಯಲು ಬಿಡದೆ, ಕಾಕಾನಿಗೆ ಹೊತ್ತುಹೊತ್ತಿಗೆ ಉಣ್ಣಿಸಿದಳು. ಮೈಯಲ್ಲಿ ಕಸುವು ಬಂತು, ಡಾಕ್ಟರು ಒಪ್ಪಿದರು. ಬಾಟಲಿಯಿಂದ ಔಷಧ ಹನಿಹನಿಯಾಗಿ ಇಳಿಯತೊಡಗಿದಾಗ ಕಾಕಾ ಅದನ್ನೇ ನೋಡುತ್ತ ಕೇಳಿದರು:

“ತಮ್ಮಾ, ನಳಾ ಬಂದ್ ಮಾಡಾಕ ಹೊಂಟಾಂವ ಇವನ ಏನೊ?”

“ಹೌದ್ರಿ ಕಾಕಾ.”

“ನಿಮ್ಮ ಆಫೀಸಿನಾಂವ ಅಲ್ಲಲ್ಲ?”

“ಅಲ್ರಿ,” ಎಂದೆ.

ಕಾಕಾ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅಷ್ಟೂ ದಿನ ಅವರು ಕುಡಿದದ್ದು, ನಮ್ಮ ಆಫೀಸಿನವರು ಇನ್ನೂ ಬಂದ್ ಮಾಡದ ನಮ್ಮ ಮನೆಯ ನಳದ ನೀರು.