ಪೇಟಿಯ ಪಾಳಿ

ಮುಪ್ಪಿನಲ್ಲಿ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಮರೆವು. ನನಗೆ ಎರಡೂ ಬರಲಿಲ್ಲ. ಹರೆಯದಲ್ಲಿ ಬಂದ ಸಿಟ್ಟೇ ಇನ್ನೂ ಜಾಗ ಬಿಟ್ಟಿಲ್ಲ. ಚಹಾ ಆರಿದ್ದರೆ ಸಿಟ್ಟು, ನಾಲಿಗೆ ಸುಟ್ಟರೆ ಸಿಟ್ಟು. ಮ್ಯಾಟ್ರಿಕ್ ತನಕ ಓದಿದವನಿಗೆ ಇದು ಶೋಭಿಸುವುದಿಲ್ಲವೆಂದು ಗೊತ್ತು. ಆದರೂ ನನ್ನ ಸಿಟ್ಟುಗಳಲ್ಲಿ ಒಂದಾದರೂ ನ್ಯಾಯವಾದದ್ದೆಂದು ಬಹಳ ವರ್ಷ ನಂಬಿದ್ದೆ. ಅದು ಪೇಟಿಯ ಸಿಟ್ಟು. ಈಗ ಅದನ್ನೇ ಒಪ್ಪಿಸಿಬಿಡುತ್ತೇನೆ.

ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಈ ಪೇಟಿ ಮೊದಲು ಸವಣೂರಿನ ಯಾವುದೋ ದೊಡ್ಡ ಮನೆಯಲ್ಲಿತ್ತಂತೆ. ಅಲ್ಲಿಂದ ಒಂದು ನಾಟಕ ಕಂಪನಿಗೆ ಹೋಯಿತು. ಆ ಕಂಪನಿ ಹಾನಗಲ್ಲಿನಲ್ಲಿ ಮುಳುಗಿದಾಗ ಅದರ ಮಾಸ್ತರರು ಪೇಟಿಯನ್ನು ನಮ್ಮಪ್ಪನ ತೊಡೆಯ ಮೇಲಿಟ್ಟು, ಕಣ್ಣೊರೆಸಿಕೊಂಡು ಊರಿಗೆ ಹೋದರು. ಅಪ್ಪ ದಿನಾ ಸಂಜೆ ನುಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಕಲಿತವಳು ಅಕ್ಕ ಗಂಗವ್ವ ಒಬ್ಬಳೇ. ಗಂಡುಮಕ್ಕಳಾದ ನಾವು ತಿದಿ ಒತ್ತುವ ತನಕ ಕಲಿತು, ಅಷ್ಟಕ್ಕೇ ವಿದ್ಯೆ ಮುಗಿಯಿತೆಂದು ಎದ್ದುಬಿಟ್ಟೆವು.

ಅಪ್ಪ ತೀರಿಕೊಂಡ ಮೇಲೆ ಹೊಲ, ಎತ್ತು ಎಲ್ಲ ಪಾಲಾದವು. ಪೇಟಿಯನ್ನು ಕೊಯ್ದು ಹಂಚುವಂತಿರಲಿಲ್ಲ. ಗುಡಿಯ ಪೂಜೆಗೆ ಮನೆತನಗಳು ಪಾಳಿ ಹಚ್ಚಿಕೊಳ್ಳುವಂತೆ ನಾವು ಪೇಟಿಗೂ ಪಾಳಿ ಹಚ್ಚಿದೆವು. ವರ್ಷದಲ್ಲಿ ಒಂದಿಷ್ಟು ತಿಂಗಳು ಹಾನಗಲ್ಲಿನ ಅಣ್ಣನಲ್ಲಿ, ಒಂದಿಷ್ಟು ಅಪ್ಪನ ತಮ್ಮ ಸವಣೂರಿನ ಕಾಕಾನಲ್ಲಿ, ಉಳಿದದ್ದು ಶಿಗ್ಗಾವಿಯಲ್ಲಿ ನನ್ನಲ್ಲಿ. ಹಿರೇಕೆರೂರಿಗೆ ಕೊಟ್ಟಿದ್ದ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು:

"ನನ್ನ ಪಾಳಿ ಯಾವಾಗೋ ತಮ್ಮಾ?"

"ಕೊಟ್ಟ ಹೆಣ್ಣಿಗೆ ಎಲ್ಲೀ ಪಾಳಿ? ಸುಮ್ಕಿರಕ್ಕ."

ಹಾಗೆಂದವನು ಅಣ್ಣನಲ್ಲ, ಕಾಕಾನಲ್ಲ, ನಾನು.

ಪೇಟಿ ಬಸ್ಸಿನ ಮೇಲೆ ಮೆಣಸಿನಕಾಯಿ ಚೀಲಗಳ ನಡುವೆ ಕೂತು ಊರೂರು ತಿರುಗತೊಡಗಿತು. ಅದು ನಮ್ಮ ಮನೆಗೆ ಬಂದಿತೆಂದರೆ ಗವಸು ಬಿಚ್ಚುವ ಮೊದಲೇ ಎಲ್ಲರೂ ಸೀನುತ್ತಿದ್ದೆವು. ಬೆರಳೊತ್ತುವ ಪಟ್ಟಿಗಳಲ್ಲಿ ಅಪ್ಪ ತಾವು 'ಸಾ' ಹಿಡಿಯುವ ಪಟ್ಟಿಗೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅಣ್ಣ ತನ್ನ ಹಕ್ಕಿನ ಗುರುತಿಗೆ ಅದರ ಪಕ್ಕದ ಪಟ್ಟಿಗೆ ಸುಣ್ಣ ಹಚ್ಚಿದ. ಕಾಕಾ ಇನ್ನೊಂದಕ್ಕೆ ಡಾಂಬರು ಮೆತ್ತಿದ. ನೋಡಿ ನನಗೆ ಮೈಯೆಲ್ಲ ಉರಿಯಿತು. ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಎಲ್ಲವನ್ನೂ ತಿಕ್ಕಿದೆ. ಆ ರಭಸಕ್ಕೆ ಅಪ್ಪನ ಬೊಟ್ಟೂ ಹೋಯಿತು. ಆಮೇಲೆ ನನ್ನದೊಂದು ಹಸಿರು ಬಣ್ಣದ ಬೊಟ್ಟು ಇಟ್ಟೆ. ಯಾವ ಪಟ್ಟಿಗೆಂದು ಕೇಳಬೇಡಿ. ಎಲ್ಲಕ್ಕಿಂತ ಸ್ವಚ್ಛವಾಗಿ ಕಂಡದ್ದಕ್ಕೆ ಇಟ್ಟೆ. ಇಟ್ಟು ಕಪಾಟಿಗೆ ಬೀಗ ಹಾಕಿದೆ.

ಭಜನೆಯವರು ಬಂದು, "ಶ್ರಾವಣ ಸ್ವಾಮಾರಕ್ಕ ಒಂದಿನ ಪೇಟಿ ಕೊಡ್ರಿ ಯಜಮಾನ್ರ," ಎಂದರೆ, "ಮಂದಿ ಕೈಯಾಗ ಕೊಟ್ರ ಕೆಡತದ," ಎಂದು ಕಳಿಸುತ್ತಿದ್ದೆ. ಒಳಗಿನಿಂದ ನನ್ನ ಹೆಂಡತಿ, "ಬಿಡ್ರಿ, ನಮ್ಮನ್ಯಾಗ ಇಲಿ ಛಲೋ ನುಡಸ್ತಾವ," ಎನ್ನುತ್ತಿದ್ದಳು. ಆ ಸಿಟ್ಟು ಬೇರೆ.

ಅರವತ್ತನೇ ಇಸವಿಯ ಆಚೀಚೆ ಕಾಕಾನ ಮೊಮ್ಮಗನ ತಲೆಗೂದಲು ತೆಗೆಸುವ ಜಾವಳಕ್ಕೆ ಎಲ್ಲರೂ ಸವಣೂರಿನಲ್ಲಿ ಸೇರಿದ್ದೆವು. ಟೆಂಟಿನಲ್ಲಿ ಹಳೆಯ ಕಾಲದ ಕಥೆಯ ಸಿನಿಮಾ ಬಂದಿತ್ತು: ಒಂದು ಸಿತಾರು, ಅದರ ಹಲವು ಒಡೆಯರು. ಮೊದಲನೇ ಆಟಕ್ಕೇ ಹೋದೆವು. ಸಿತಾರು ರಾಜನಿಂದ ಗವಾಯಿಗೆ, ಗವಾಯಿಯಿಂದ ಸಿಪಾಯಿಗೆ ದಾಟಿತು. ಒಬ್ಬನೂ ಜಗಳ ತೆಗೆಯಲಿಲ್ಲ, ಒಬ್ಬನೂ ಸುಣ್ಣ ಹಚ್ಚಲಿಲ್ಲ. ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು ಹಲ್ಲು ಕಡಿಯುತ್ತ ಕೂತಿದ್ದೆ. ಕೊನೆಗೆ ಅದು ಒಬ್ಬ ಸಾಹುಕಾರನ ಕೈಗೆ ಬಿತ್ತು. ಅವನು ಅದನ್ನು ಕಪಾಟಿನಲ್ಲಿಟ್ಟು ಬೀಗ ಜಡಿದ. ಗವಾಯಿಯ ಮಗಳು ಬಂದು ಬಾಗಿಲಲ್ಲಿ ನಿಂತಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ:

"ಏ ಮಗನ, ನುಡಸಾಕ ಬರೂದಿಲ್ಲ, ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀ? ಕೊಡೋ ಆಕಿಗೆ!"

"ಕುಂಡ್ರೋ ಮಾರಾಯಾ, ಪಡದೆ ಕಾಣವಲ್ದು," ಎಂದು ಹಿಂದಿನಿಂದ ಯಾರೋ ಅಂಗಿ ಎಳೆದರು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಅಕ್ಕನ ದನಿ ಕೇಳಿಸಿತು:

"ಅವಗ್ಯಾಕ ಬೈತೀ ತಮ್ಮಾ? ಅಂವಾ ಹಸರು ಬೊಟ್ಟಾದ್ರೂ ಇಟ್ಟಿಲ್ಲ."

ಕೂತೆ. ಮುಂದಿನ ಸಿನಿಮಾ ನನಗೆ ನೆನಪಿಲ್ಲ.

ಶಿಗ್ಗಾವಿಗೆ ಮರಳಿದವನೇ, ಪಾಳಿ ಇನ್ನೂ ನನ್ನದಿರುವಾಗ, ಯಾರನ್ನೂ ಕೇಳದೆ ಪೇಟಿ ಹೊತ್ತು ಹಿರೇಕೆರೂರಿನ ಬಸ್ಸು ಹತ್ತಿದೆ. ಈ ಸಲ ಮೇಲೆ ಹಾಕಲಿಲ್ಲ, ತೊಡೆಯ ಮೇಲಿಟ್ಟುಕೊಂಡೆ. ಅಕ್ಕ ಸೆರಗಿನಿಂದ ಧೂಳು ಒರೆಸಿ, ಕಣ್ಣು ಮುಚ್ಚಿ ಕೈಯಿಟ್ಟಳು. ಅವಳ ಬೆರಳು ನನ್ನ ಹಸಿರು ಬೊಟ್ಟನ್ನು ದಾಟಿ ಬೇರೊಂದು ಪಟ್ಟಿಗೆ ಹೋಗಿ ನಿಂತಿತು. ಅಪ್ಪನ ಸಂಜೆಯ ದನಿ ಹಾಗೆಯೇ ಎದ್ದಿತು. ಒಳಗಿನ ಕೋಣೆಯಲ್ಲಿ ಅಪ್ಪನೇ ಕೆಮ್ಮಿದಂತಾಯಿತು. 'ತಪ್ಪಾತಕ್ಕ' ಎಂಬ ಮಾತು ನನ್ನ ಗಂಟಲ ತನಕ ಬಂದಿತ್ತು. ಹೊರಗೆ ಬಂದದ್ದು ಮಾತ್ರ, "ಗಾಳಿ ಸೋರಾಕತ್ತೇತಿ, ರಿಪೇರಿ ಮಾಡಸು!" ಎಂಬ ಗದರಿಕೆ.

ಅಣ್ಣ, ಕಾಕಾ ಇಬ್ಬರೂ ನನ್ನೊಡನೆ ಮಾತು ಬಿಟ್ಟರು. ಅಕ್ಕ ಪೇಟಿಯನ್ನು ಚಿಕ್ಕೇರೂರಿನ ಭಜನೆಗೆ ಕೊಟ್ಟಳು, ರಟ್ಟೀಹಳ್ಳಿಯಲ್ಲಿ ಕಲಿಯುವ ಹುಡುಗಿಯರಿಗೆ ಕೊಟ್ಟಳು, ಕೇಳಿದವರಿಗೆಲ್ಲ ಕೊಟ್ಟಳು. ಸುದ್ದಿ ಕೇಳಿ ಉರಿದುಕೊಂಡು ಹಿರೇಕೆರೂರಿಗೆ ಹೋದೆ.

"ನಿನಗಂತ ಕೊಟ್ಟೇನಿ, ಊರ ಮಂದಿಗಲ್ಲ!"

ಅಕ್ಕ ನಕ್ಕಳು. "ಪೇಟಿ ಕೊಟ್ಟಿ, ಸಿಟ್ಟು ಇಟ್ಕೊಂಡಿ. ಅದರ ಪಾಳಿ ಯಾವಾಗ ಮುಗೀತದೋ ನಿಂದು?"

ಅಕ್ಕ ಈಗಿಲ್ಲ. ಪೇಟಿ ಯಾರ ಮನೆಯಲ್ಲಿ ನುಡಿಯುತ್ತಿದೆಯೋ ತಿಳಿಯದು. ಸಿಟ್ಟನ್ನು ಮಾತ್ರ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡೆ. ಅದನ್ನು ಒಂದು ದಿನಕ್ಕೆಂದೂ ಯಾರೂ ಕೇಳಿ ಬರಲಿಲ್ಲ. ಮೊನ್ನೆ ನನ್ನ ಮಗ ಚಹಾ ಆರಿದೆಯೆಂದು ಬಟ್ಟಲನ್ನು ನೆಲಕ್ಕೆ ಕುಕ್ಕಿದ. ಅಂತೂ ನನ್ನ ಪಾಳಿ ಮುಗಿಯಿತೆಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯೇ, ನನ್ನನ್ನೊಂದು ಮಾತು ಕೇಳದೆ ಒಯ್ದನಲ್ಲ ಎಂದು ಸಿಟ್ಟು ಬಂತು.