ಕೂದಲೆಳೆಯಷ್ಟು ಸೊಟ್ಟ

ರಾಯಚೂರಿನ ಶಂಭುಲಿಂಗಪ್ಪ ಸಾಹುಕಾರರ ಕಟ್ಟಿಗೆ ಅಡ್ಡೆಗೆ ಗರಗಸದ ಯಂತ್ರ ಬಂದದ್ದು ಮಹಾಯುದ್ಧ ಮುಗಿದ ಮರುವರ್ಷ. ಕಬ್ಬಿಣದ ಮೇಜು, ನಡುವೆ ಗಿರಗಿರನೆ ತಿರುಗುವ ಹಲ್ಲಿನ ಚಕ್ರ, ಅದನ್ನು ತಿರುಗಿಸಲು ಪಕ್ಕದಲ್ಲೊಂದು ಇಂಜಿನ್. ಬಡಗಿ ಮೌನಪ್ಪ ಅದಕ್ಕೆ ಕೈಮುಗಿದೇ ಒಳಗೆ ಕಾಲಿಟ್ಟಿದ್ದ. ಕೈಗರಗಸ ಎಳೆದೆಳೆದು ಸೋತ ಭುಜಕ್ಕೆ ಇನ್ನು ಬಿಡುಗಡೆ ಎಂದುಕೊಂಡಿದ್ದ.

ಆದರೆ ಯಂತ್ರ ನೆಟ್ಟಗೆ ಕೊಯ್ಯುತ್ತಿರಲಿಲ್ಲ. ಹಲಗೆ ಒತ್ತಿಕೊಂಡು ಸಾಗಬೇಕಾದ ಅಡ್ಡಪಟ್ಟಿ, ಆ ಪಟ್ಟಿ ಜಾರುವ ಹಳಿ, ಎರಡೂ ಕೂದಲೆಳೆಯಷ್ಟು ಸೊಟ್ಟ. ಅಂದು ಸಂಜೆಯೇ ಮಾನ್ವಿಯ ನೀಲಗಂಗಮ್ಮ ಗೌಡತಿ ಹೊಸ ಮನೆಯ ಬಾಗಿಲಿಗೆ ಹಲಗೆ ಒಯ್ಯಲು ಬರುವವರಿದ್ದರು.

"ಸಂಜಿತನ ನೋಡ್ತೀನಿ ಮೌನಪ್ಪಾ," ಎಂದರು ಸಾಹುಕಾರರು. "ಆಗ್ಲಿಲ್ಲಂದ್ರ ಇದನ್ನ ವಾಪಸ್ ಕಳಿಸ್ತೀನಿ. ಆಮ್ಯಾಲ ನೀನಾತು, ನಿನ್ನ ಕೈಗರಗಸಾತು."

ಎದುರಿನ ಚಹಾದಂಗಡಿಯ ಹಂಪಯ್ಯ ಲೋಟ ಹಿಡಿದೇ ಬಂದ. ಒಂದು ಕಣ್ಣು ಮುಚ್ಚಿ ನೋಡಿದ.

"ಪಟ್ಟಿ ಎಡಕ್ಕ ಬಾಗ್ಯದಲೇ. ಬಲಕ್ಕ ಒಂದೇಟು ಹಾಕು."

ಮೌನಪ್ಪ ಹಾಕಿದ. ಹಲಗೆ ಕುದುರೆ ಮೋರೆಯಂತೆ ಒಂದು ತುದಿ ಅಗಲ, ಒಂದು ತುದಿ ಸಪೂರವಾಗಿ ಬಂತು.

"ಹಂಗಾದ್ರ ಎಡಕ್ಕ!"

ಈ ಸಲ ಹಲಗೆ ಹಲ್ಲಿಗೂ ಪಟ್ಟಿಗೂ ನಡುವೆ ಸಿಕ್ಕಿ ಹಿಂದಕ್ಕೆ ಚಿಮ್ಮಿತು. ಹಂಪಯ್ಯನ ತಲೆಯ ಮೇಲಿಂದ ಹಾರಿ, ಗೋಡೆ ದಾಟಿ, ಪಕ್ಕದ ಮನೆಯ ಜಾಹೆದಾ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿತ್ತು.

ಜಾಹೆದಾ ಜಗಳಕ್ಕೆಂದೇ ಬಂದಳು. ತಿರುಗುವ ಚಕ್ರ ನೋಡಿ ಜಗಳ ಮರೆತಳು.

"ಯಾ ಅಲ್ಲಾ! ಇದು ಗರಗಸೋ, ಸಿಡಿಲೋ?" ಎಂದು ಅಲ್ಲೇ ತೊಲೆಯ ಮೇಲೆ ಕುಳಿತಳು. ತುಸು ಹೊತ್ತಿಗೆ ಅವಳಿಗೂ ಉಪಾಯ ಹೊಳೆಯಿತು. "ಮೇಜಿನ ಕಾಲಿಗೆ ಇಟ್ಟಂಗಿ ಇಡು ಮೌನಪ್ಪಾ."

"ಇಬ್ರೂ ಸುಮ್ಮಕ ಕುಂದರ್ರಿ ಇನ್ನ!" ಮೌನಪ್ಪ ಇಂಜಿನ್ ನಿಲ್ಲಿಸಿದ.

ಚಕ್ರದ ಒಂದು ಹಲ್ಲಿಗೆ ಸುಣ್ಣ ಹಚ್ಚಿದ. ಕೈಯಿಂದ ತಿರುಗಿಸಿ, ಆ ಹಲ್ಲು ಮುಂದೆ ಬಂದಾಗೊಮ್ಮೆ, ಹಿಂದೆ ಹೋದಾಗೊಮ್ಮೆ, ಪಟ್ಟಿಗೆ ಎಷ್ಟು ದೂರವೆಂದು ಬಿದಿರುಕಡ್ಡಿಯಿಂದ ಅಳೆದ. ಮೂಲೆಯ ನೇರ ಅಳೆಯುವ ಮೂಲಮಟ್ಟ ಹಿಡಿದು ಹಳಿ ನೋಡಿದ. ತಿರುಪು ಸಡಿಲಿಸಿದ, ಬೆರಳಲ್ಲಿ ತಟ್ಟಿದ, ಮತ್ತೆ ಅಳೆದ. ನೋಡುತ್ತ ಕುಳಿತ ಹಂಪಯ್ಯನ ಚಹಾ ಕೆನೆಗಟ್ಟಿತು.

ಇಳಿಹೊತ್ತಿಗೆ ಇಂಜಿನ್ ಮತ್ತೆ ಗುಡುಗುಟ್ಟಿತು. ಹಲಗೆ ಬೆಣ್ಣೆಯಂತೆ ಸೀಳಿತು. ಮೌನಪ್ಪ ಎರಡು ತುಂಡುಗಳ ಅಂಚಿಗೆ ಅಂಚು ಕೂಡಿಸಿ ಸೂರ್ಯನಿಗೆ ಹಿಡಿದ. ನಡುವೆ ಬೆಳಕಿನ ಗೆರೆಯೂ ಇಲ್ಲ! ಹಂಪಯ್ಯ ಗುಡಿಯ ಮುಂದೆ ನಿಂತವನಂತೆ ಮೆಲ್ಲಗೆ ಚಪ್ಪಲಿ ಕಳಚಿದ. ಇದು ತನ್ನದೇ ಕೈಕೆಲಸವೆಂದು ನಂಬಲಾಗದೆ ಮೌನಪ್ಪ ಇನ್ನೊಮ್ಮೆ ಹಿಡಿದು ನೋಡಿದ.

ಅಷ್ಟರಲ್ಲಿ ಬಂಡಿಯಿಳಿದು ಬಂದ ನೀಲಗಂಗಮ್ಮ ಆ ಕೂಡಿಕೆಯ ಮೇಲೆ ಬೆರಳಾಡಿಸಿದರು.

"ಯವ್ವಾ! ಎಲ್ಲಿ ಕೂಡ್ಯದೋ ಗೊತ್ತೇ ಆಗವಲ್ದು!" ಯಂತ್ರದ ಸುತ್ತ ಒಂದು ಸುತ್ತು ಬಂದರು. "ಸಾವ್ಕಾರ್ರ, ನನಗ ಹಲಗಿ ಬ್ಯಾಡ್ರಿ. ಈ ಯಂತ್ರನ ಕೊಡ್ರಿ. ನಮ್ಮ ಗಾಣದಾಗ ಇಂಜಿನ್ ಅದ."

ಸಾಹುಕಾರರ ಮುಖ ಅರಳಿತು. ಮೌನಪ್ಪ ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ಬಂಡಿಯಾಳುಗಳು ಯಂತ್ರ ಎತ್ತಲು ಸೀದಾ ಅಡ್ಡಪಟ್ಟಿಗೇ ಕೈ ಹಾಕಿದರು.

"ಅದನ್ನ ಹಿಡೀಬ್ಯಾಡ್ರಪೋ, ಮತ್ತ ಸೊಟ್ಟಾಗ್ತದ!" ಎಂದು ಮೌನಪ್ಪ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

"ಶಹಬ್ಬಾಸ್ ಮೌನಪ್ಪಾ!" ಎಂದರು ಸಾಹುಕಾರರು. "ಇಂಥಾದ್ದ ಇನ್ನೊಂದು ಸೊಟ್ಟ ಯಂತ್ರ ಅಗ್ಗಕ್ಕ ಎಲ್ಲಿ ಸಿಗ್ತದೋ ಹುಡುಕ್ತೀನಿ, ನೀ ನೆಟ್ಟಗ ಮಾಡೀಯಂತ. ಅಲ್ಲಿತನ ಆ ತೊಲಿ ಎಲ್ಲಾ ಕೈಲೇ ಕೊಯ್ಕೋತ ಇರು."